ಕಿವಿಯ ಕೆಳಗಿನ ಗಂಟು: ವರದಿಯಲ್ಲಿ ‘ಖಚಿತವಿಲ್ಲ’ ಎಂದು ಬರೆದಿದ್ದರೆ ಏನು ಮಾಡಬೇಕು?

ಕಿವಿಯ ಕೆಳಗೆ ಅಥವಾ ದವಡೆಯ ಮೂಲೆಯಲ್ಲಿ ಅಡಿಕೆಯಷ್ಟು ದೊಡ್ಡ ಗಂಟೊಂದು ಕಾಣಿಸಿಕೊಂಡರೆ ಹೆಚ್ಚಿನವರು ಗಮನಿಸಿಯೂ ಸುಮ್ಮನಿರುತ್ತಾರೆ. ನೋವಿಲ್ಲ, ಜ್ವರವಿಲ್ಲ, ಊಟಕ್ಕೆ ತೊಂದರೆಯಿಲ್ಲ. ಗಂಡಸರಲ್ಲಿ ಗಡ್ಡದ ಮರೆಯಲ್ಲಿ, ಹೆಂಗಸರಲ್ಲಿ ಶಿರವಸ್ತ್ರದ ಮರೆಯಲ್ಲಿ ಅದು ವರ್ಷಗಟ್ಟಲೆ ಉಳಿದುಬಿಡುವುದೂ ಉಂಟು. ಕೊನೆಗೊಮ್ಮೆ ವೈದ್ಯರಲ್ಲಿಗೆ ಹೋಗಿ ಸೂಜಿ ಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ‘ಲಾಲಾಗ್ರಂಥಿಯ ಗಡ್ಡೆ, ಸ್ವರೂಪ ಖಚಿತವಿಲ್ಲ’ ಎಂಬ ಅರ್ಥದ ಮಾತು ಬರುತ್ತದೆ.

ಅನೇಕ ಕುಟುಂಬಗಳು ಎಡವುವುದು ಇಲ್ಲಿಯೇ. ‘ಕ್ಯಾನ್ಸರ್ ಎಂದು ಬರೆದಿಲ್ಲವಲ್ಲ’ ಎಂದು ಕೆಲವರು ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ‘ಈ ಲ್ಯಾಬಿನವರಿಗೆ ಏನೂ ಗೊತ್ತಿಲ್ಲ’ ಎಂದು ಕೆಲವರು ವರದಿಯನ್ನು ಬದಿಗಿಟ್ಟು ಬೇರೆ ಕಡೆ ಹೊಸದಾಗಿ ಶುರು ಮಾಡುತ್ತಾರೆ. ಇನ್ನು ಕೆಲವರು ನಾಟಿ ಮದ್ದು, ಲೇಪ, ಬರೆ ಎಂದು ಅಲೆಯುತ್ತಾರೆ. ಮೂರೂ ದಾರಿಗಳಲ್ಲಿ ನಷ್ಟವಾಗುವುದು ರೋಗಿಗೇ. ಲಾಲಾಗ್ರಂಥಿಯ ಗಡ್ಡೆಗಳ ವಿಷಯದಲ್ಲಿ ‘ಖಚಿತವಿಲ್ಲ’ ಎಂಬುದು ಹೆಚ್ಚಾಗಿ ಪ್ರಾಮಾಣಿಕ ಉತ್ತರ. ಅದು ಪರೀಕ್ಷೆಯ ಕೊನೆಯಲ್ಲ, ಮೊದಲ ಮೆಟ್ಟಿಲು. ಇದು ಏಕೆ ಹೀಗೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಹೆಜ್ಜೆ ಸುಲಭವಾಗುತ್ತದೆ.

ಲಾಲಾಗ್ರಂಥಿಗಳು ಎಲ್ಲಿವೆ?

ನಮ್ಮ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಅಥವಾ ಜೊಲ್ಲು ಉತ್ಪತ್ತಿಯಾಗುತ್ತದೆ. ಇದನ್ನು ತಯಾರಿಸುವ ದೊಡ್ಡ ಗ್ರಂಥಿಗಳು ಮೂರು ಜೋಡಿ. ಕಿವಿಯ ಮುಂದೆ ಮತ್ತು ಕೆಳಗೆ ಇರುವ ಪರೋಟಿಡ್ ಗ್ರಂಥಿ ಇವುಗಳಲ್ಲಿ ಅತಿ ದೊಡ್ಡದು. ಎರಡನೆಯ ಜೋಡಿ ದವಡೆಯ ಎಲುಬಿನ ಕೆಳಗೆ, ಮೂರನೆಯದು ನಾಲಗೆಯ ಅಡಿಯಲ್ಲಿದೆ. ಇವಲ್ಲದೆ ತುಟಿ, ಕೆನ್ನೆಯ ಒಳಭಾಗ, ಅಂಗುಳ, ಗಂಟಲು ಮುಂತಾದ ಕಡೆ ಸಾಸಿವೆ ಕಾಳಿನಂತಹ ಪುಟ್ಟ ಗ್ರಂಥಿಗಳು 600ರಿಂದ 1,000ದವರೆಗೆ ಹರಡಿಕೊಂಡಿವೆ. ಇವುಗಳಲ್ಲಿ ಯಾವುದರಲ್ಲಿಯೂ ಗಡ್ಡೆ ಬೆಳೆಯಬಹುದು.

ಪರೋಟಿಡ್ ಗ್ರಂಥಿಯ ಒಳಗಿನಿಂದಲೇ ಮುಖದ ನರ ಹಾದುಹೋಗುತ್ತದೆ. ಕಣ್ಣು ಮುಚ್ಚುವುದು, ನಗುವುದು, ಬಾಯಲ್ಲಿ ನೀರು ಹಿಡಿದಿಟ್ಟುಕೊಳ್ಳುವುದು ಎಲ್ಲವೂ ಈ ನರದ ಕೆಲಸ. ಆದ್ದರಿಂದ ಇಲ್ಲಿನ ಗಂಟನ್ನು ಬೆನ್ನಿನ ಕೊಬ್ಬಿನ ಗಂಟಿನಂತೆ ಸಣ್ಣ ಕ್ಲಿನಿಕ್ಕಿನಲ್ಲಿ ಕೊಯ್ದು ತೆಗೆಸಬಾರದು.

ಎಲ್ಲ ಬಾವೂ ಗಡ್ಡೆಯಲ್ಲ

ಮಕ್ಕಳಲ್ಲಿ ಜ್ವರ, ನೋವಿನೊಂದಿಗೆ ಕೆನ್ನೆ ಊದಿಕೊಂಡರೆ ಅದು ಹೆಚ್ಚಾಗಿ ಮಂಗನಬಾವು. ಕೆಲವು ದಿನಗಳಲ್ಲಿ ಇಳಿಯುತ್ತದೆ. ದವಡೆಯ ಕೆಳಗಿನ ಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಊಟದ ಹೊತ್ತಿಗೆ ಬಾವು ಬಂದು, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ರಮಝಾನ್ ತಿಂಗಳಲ್ಲಿ ಇಡೀ ದಿನ ಸರಿಯಿದ್ದು, ಇಫ್ತಾರ್‌ಗೆ ಕುಳಿತಾಗ ದವಡೆಯ ಕೆಳಗೆ ಊದಿಕೊಂಡು ನೋಯುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ. ಹಲ್ಲಿನ ಸೋಂಕಿನಿಂದ, ಕ್ಷಯರೋಗದಿಂದ ಕುತ್ತಿಗೆಯ ದುಗ್ಧರಸ ಗ್ರಂಥಿಗಳು ಊದಿಕೊಳ್ಳುವುದೂ ನಮ್ಮಲ್ಲಿ ಸಾಮಾನ್ಯ.

ಗಡ್ಡೆಯ ಸ್ವಭಾವ ಬೇರೆ. ಅದು ಬಂದು ಹೋಗುವುದಿಲ್ಲ. ನೋವಿಲ್ಲದೆ, ನಿಧಾನವಾಗಿ, ಒಂದೇ ಕಡೆ ಬೆಳೆಯುತ್ತದೆ. ಎರಡು ಮೂರು ವಾರ ಕಳೆದರೂ ಇಳಿಯದ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ದಿನಕ್ಕೆ ಹಲವು ಬಾರಿ ವುಝೂ ಮಾಡುವ ನಮಗೆ ಇದನ್ನು ಗಮನಿಸುವುದು ಕಷ್ಟವಲ್ಲ. ಬಾಯಿ ಮುಕ್ಕಳಿಸುವಾಗ ಅಂಗುಳದಲ್ಲಿ ಉಬ್ಬು ನಾಲಗೆಗೆ ತಾಗುತ್ತಿದೆಯೇ, ಮುಖ ತೊಳೆಯುವಾಗ ಎರಡೂ ಕಿವಿಗಳ ಕೆಳಗೆ ಒಂದೇ ರೀತಿ ಇದೆಯೇ ಎಂದು ತಿಂಗಳಿಗೊಮ್ಮೆ ಗಮನ ಕೊಟ್ಟರೆ ಸಾಕು.

ಕೆಳಗಿನ ಲಕ್ಷಣಗಳಿದ್ದರೆ ಎರಡು ವಾರವೂ ಕಾಯಬೇಡಿ:

• ಗಂಟಿರುವ ಬದಿಯಲ್ಲಿ ಕಣ್ಣು ಪೂರ್ತಿ ಮುಚ್ಚದಿರುವುದು, ಬಾಯಿ ಸೊಟ್ಟಗಾಗುವುದು.
• ಗಂಟಿನಲ್ಲಿ ನಿರಂತರ ನೋವು, ಕೆನ್ನೆ ಅಥವಾ ನಾಲಗೆಯಲ್ಲಿ ಜೋಮು.
• ಹಲವು ವರ್ಷಗಳಿಂದ ಇದ್ದ ಗಂಟು ಹಠಾತ್ತಾಗಿ ದೊಡ್ಡದಾಗುವುದು.
• ಗಂಟು ಅಲುಗಾಡದೆ ಅಂಟಿಕೊಂಡಿರುವುದು, ಚರ್ಮ ಹುಣ್ಣಾಗುವುದು, ಕುತ್ತಿಗೆಯಲ್ಲಿ ಬೇರೆ ಗಂಟುಗಳು ಕಾಣಿಸುವುದು.

ಮುಖದ ಒಂದು ಬದಿ ಶಕ್ತಿ ಕಳೆದುಕೊಂಡರೆ ‘ಗಾಳಿ ಬಡಿದಿದೆ’ ಎಂದು ಎಣ್ಣೆ ತಿಕ್ಕಿ ಕೂರುವ ಅಭ್ಯಾಸ ನಮ್ಮಲ್ಲಿದೆ. ಜೊತೆಗೆ ಗಂಟೂ ಇದ್ದರೆ ಅಥವಾ ಶಕ್ತಿಹೀನತೆ ನಿಧಾನವಾಗಿ ಹೆಚ್ಚುತ್ತಾ ಬಂದರೆ ಅದನ್ನು ಸಾಮಾನ್ಯ ಮುಖದ ವಾಯು ಎಂದು ತಿಳಿಯಬಾರದು.

‘ನಾನು ತಂಬಾಕು ತಿನ್ನುವುದಿಲ್ಲ, ನನಗೆ ಹೇಗೆ ಬರುತ್ತದೆ?’ ಎಂದು ಕೇಳುವವರಿದ್ದಾರೆ. ಬಾಯಿಯ ಕ್ಯಾನ್ಸರಿಗೆ ತಂಬಾಕು, ಅಡಿಕೆ ಮುಖ್ಯ ಕಾರಣ ನಿಜ. ಆದರೆ ಲಾಲಾಗ್ರಂಥಿಯ ಹೆಚ್ಚಿನ ಗಡ್ಡೆಗಳಿಗೆ ಅಂತಹ ನೇರ ಸಂಬಂಧವಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಹೆಚ್ಚಾಗಿ ಕಾಣುವ ವಾರ್ಥಿನ್ ಗಡ್ಡೆ ಇದಕ್ಕೆ ಅಪವಾದ. ಅದು ಕ್ಯಾನ್ಸರ್ ಅಲ್ಲ. ಉಳಿದಂತೆ ಯಾವ ದುಶ್ಚಟವೂ ಇಲ್ಲದವರಲ್ಲಿ, ಯುವತಿಯರಲ್ಲಿ, ಅಪರೂಪಕ್ಕೆ ಮಕ್ಕಳಲ್ಲಿಯೂ ಈ ಗಡ್ಡೆಗಳು ಬರುತ್ತವೆ.

ಗ್ರಂಥಿ ಚಿಕ್ಕದಾದಷ್ಟೂ ಎಚ್ಚರ ಹೆಚ್ಚು

ಲಾಲಾಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚಿನವು ಪರೋಟಿಡ್‌ನಲ್ಲಿಯೇ ಬರುತ್ತವೆ. ಅಲ್ಲಿ ಬರುವ 10 ಗಡ್ಡೆಗಳಲ್ಲಿ ಸುಮಾರು 8 ಕ್ಯಾನ್ಸರ್ ಅಲ್ಲ. ಇದು ಸಮಾಧಾನದ ವಿಷಯ. ಆದರೆ ದವಡೆಯ ಕೆಳಗಿನ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು, ಅಂಗುಳದಂತಹ ಕಡೆಯ ಪುಟ್ಟ ಗ್ರಂಥಿಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು, ನಾಲಗೆಯ ಅಡಿಯಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುತ್ತವೆ. ಅಂದರೆ ಅಂಗುಳದ ಪುಟ್ಟ ಉಬ್ಬು ಕಿವಿಯ ಕೆಳಗಿನ ದೊಡ್ಡ ಗಂಟಿಗಿಂತ ಹೆಚ್ಚು ಗಮನ ಬೇಡುತ್ತದೆ.

ಪೆಥಾಲಜಿಸ್ಟ್‌ಗೆ ಇದೇಕೆ ಕಷ್ಟ?

ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ವೈದ್ಯರೇ ಪೆಥಾಲಜಿಸ್ಟ್. ರೋಗಿ ಅವರ ಮುಖವನ್ನೇ ನೋಡಿರುವುದಿಲ್ಲ. ಆದರೆ ಚಿಕಿತ್ಸೆಯ ದಾರಿ ನಿರ್ಧಾರವಾಗುವುದು ಅವರ ಮೇಜಿನ ಮೇಲೆ. ಲಾಲಾಗ್ರಂಥಿಯ ಗಡ್ಡೆಗಳು ಅವರಿಗೂ ಕಠಿಣ ಪರೀಕ್ಷೆಯೇ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಇವು ಅಪರೂಪ. ಲಾಲಾಗ್ರಂಥಿಯ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಮಂದಿಗೆ ಬರುತ್ತದೆ. ಸಣ್ಣ ಊರಿನ ಲ್ಯಾಬಿನಲ್ಲಿ ಇವುಗಳ ಕೆಲವು ಬಗೆಗಳು ಹಲವು ವರ್ಷಗಳಲ್ಲಿ ಒಮ್ಮೆಯೂ ಬಾರದಿರಬಹುದು.

ಎರಡನೆಯದು, ಬಗೆಗಳು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 30ಕ್ಕೂ ಹೆಚ್ಚು ಬಗೆಯ ಲಾಲಾಗ್ರಂಥಿ ಗಡ್ಡೆಗಳಿವೆ. ಗ್ರಂಥಿಯ ನಾಳದ ಒಳಪದರದ ಕೋಶಗಳು ಮತ್ತು ಅದರ ಹೊರಗೆ ಸುತ್ತಿಕೊಂಡಿರುವ ಕೋಶಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಈ ಗಡ್ಡೆಗಳು ಉಂಟಾಗುತ್ತವೆ. ಹಾಗಾಗಿ ಒಂದರ ರೂಪ ಇನ್ನೊಂದರಲ್ಲಿ ಕಾಣುತ್ತದೆ. ಒಂದೇ ಗಡ್ಡೆಯ ಎರಡು ಭಾಗಗಳು ಬೇರೆ ಬೇರೆಯಾಗಿ ಕಾಣುವುದೂ ಇದೆ.

ಮೂರನೆಯದೇ ಮುಖ್ಯ. ಬೇರೆ ಅನೇಕ ಅಂಗಗಳಲ್ಲಿ ಕ್ಯಾನ್ಸರ್ ಕೋಶಗಳು ನೋಡಲು ವಿಕಾರವಾಗಿರುತ್ತವೆ. ಇಲ್ಲಿನ ಕೆಲವು ಕ್ಯಾನ್ಸರ್‌ಗಳ ಕೋಶಗಳು ಸೌಮ್ಯವಾಗಿಯೇ ಕಾಣುತ್ತವೆ. ಅವು ಕ್ಯಾನ್ಸರ್ ಎಂದು ತಿಳಿಯುವುದು ಗಡ್ಡೆಯ ಅಂಚನ್ನು ನೋಡಿದಾಗ: ಪಕ್ಕದ ಅಂಗಾಂಶಕ್ಕೆ ನುಗ್ಗಿದೆಯೇ, ನರವನ್ನು ಸುತ್ತಿಕೊಂಡಿದೆಯೇ ಎಂಬುದರಿಂದ. ಸೂಜಿ ಪರೀಕ್ಷೆಯಲ್ಲಿ ಸಿಗುವುದು ಒಳಗಿನ ಒಂದಿಷ್ಟು ಕೋಶಗಳು ಮಾತ್ರ, ಅಂಚು ಸಿಗುವುದಿಲ್ಲ. ಗದ್ದೆಯ ಒಂದು ಹಿಡಿ ಮಣ್ಣನ್ನು ನೋಡಿ ಮಣ್ಣಿನ ಗುಣ ಹೇಳಬಹುದು. ಬದು ಒಡೆದಿದೆಯೇ ಎಂದು ಹೇಳಲಾಗದು. ‘ಖಚಿತವಿಲ್ಲ’ ಎಂಬ ಮಾತಿನ ಹಿಂದಿರುವುದು ಈ ಮಿತಿ.

ಸೂಜಿ ಪರೀಕ್ಷೆಯ ವರದಿ ಓದುವ ಬಗೆ

ಎಫ್‌ಎನ್‌ಎಸಿ ಎಂದು ಕರೆಯುವ ಈ ಪರೀಕ್ಷೆಯಲ್ಲಿ ತೆಳ್ಳನೆಯ ಸೂಜಿಯಿಂದ ಕೋಶಗಳನ್ನು ತೆಗೆದು ಗಾಜಿನ ಮೇಲೆ ಹರಡಿ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಈ ತೆಳ್ಳನೆಯ ಸೂಜಿಯಿಂದ ಹಾಗಾಗುವುದು ತೀರಾ ವಿರಳ. ಪರೀಕ್ಷೆ ಮಾಡಿಸದೆ ಉಳಿಯುವುದರ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ವರದಿಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದರೆ ಗೊಂದಲವಾಗುತ್ತದೆ ಎಂದು ಅಂತಾರಾಷ್ಟ್ರೀಯ ತಜ್ಞರು ಸೇರಿ ‘ಮಿಲಾನ್ ಪದ್ಧತಿ’ಯನ್ನು ರೂಪಿಸಿದರು. ಇದು 2018ರಲ್ಲಿ ಪ್ರಕಟವಾಯಿತು. ಇದರಲ್ಲಿ ಆರು ವರ್ಗಗಳಿವೆ. ನಿಮ್ಮ ವರದಿಯಲ್ಲಿಯೂ ಇದರ ಹೆಸರಿರಬಹುದು.

1. ಕೋಶಗಳು ಸಾಕಷ್ಟು ಸಿಕ್ಕಿಲ್ಲ. ಇದು ‘ರೋಗವಿಲ್ಲ’ ಎಂಬ ಅರ್ಥವಲ್ಲ. ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ, ಅಲ್ಟ್ರಾಸೌಂಡ್ ನೆರವಿನಿಂದ ಮಾಡಿದರೆ ಉತ್ತಮ.
2. ಗಡ್ಡೆಯಲ್ಲ. ಸೋಂಕು, ಉರಿಯೂತ ಇತ್ಯಾದಿ.
3. ಸಂದೇಹವಿದೆ, ಗಡ್ಡೆ ಹೌದೋ ಅಲ್ಲವೋ ಹೇಳಲಾಗದು.
4. ಗಡ್ಡೆ ಹೌದು. ಇದರಲ್ಲಿ ಎರಡು ವಿಧ: ಒಂದು ಕ್ಯಾನ್ಸರ್ ಅಲ್ಲದ್ದು. ಇನ್ನೊಂದು, ಗಡ್ಡೆ ಎಂಬುದು ಖಚಿತ, ಆದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಕೋಶಗಳಿಂದ ಮಾತ್ರ ಹೇಳಲಾಗದು.
5. ಕ್ಯಾನ್ಸರ್ ಇರಬಹುದೆಂಬ ಬಲವಾದ ಸಂದೇಹ.
6. ಕ್ಯಾನ್ಸರ್.

ನಾಲ್ಕನೆಯದರ ಎರಡನೇ ವಿಧದಲ್ಲಿಯೇ ಜನ ಹೆಚ್ಚು ದಾರಿ ತಪ್ಪುವುದು. ಈ ವರದಿ ಬಂದವರಲ್ಲಿ ಗಣನೀಯ ಪಾಲಿಗೆ ಕೊನೆಗೆ ಕ್ಯಾನ್ಸರ್ ಇರುವುದು ಪತ್ತೆಯಾಗುತ್ತದೆ. ಆದ್ದರಿಂದ ಹೆಚ್ಚಾಗಿ ಸ್ಕ್ಯಾನ್ ಮಾಡಿ, ಗಡ್ಡೆಯನ್ನು ಅದರ ಸುತ್ತಲಿನ ಗ್ರಂಥಿಯ ಭಾಗದೊಂದಿಗೆ ತೆಗೆದು ಪೂರ್ತಿಯಾಗಿ ಪರೀಕ್ಷಿಸಲು ಸಲಹೆ ನೀಡುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರ ಲ್ಯಾಬಿನಲ್ಲಿ ನಡೆಯುವುದೇನು?

ತೆಗೆದ ಗಡ್ಡೆಯನ್ನು ಫಾರ್ಮಾಲಿನ್ ದ್ರಾವಣದಲ್ಲಿ ಹಾಕಿ ಕೆಡದಂತೆ ಮಾಡುತ್ತಾರೆ. ಅಂಚಿಗೆ ಬಣ್ಣ ಬಳಿದು, ಕತ್ತರಿಸಿ, ಬೇರೆ ಬೇರೆ ಭಾಗಗಳಿಂದ ತುಂಡುಗಳನ್ನು ಆಯುತ್ತಾರೆ. ಅವುಗಳನ್ನು ಮೇಣದಲ್ಲಿ ಅಚ್ಚು ಹಾಕುತ್ತಾರೆ. ಇದಕ್ಕೆ ‘ಬ್ಲಾಕ್’ ಎನ್ನುತ್ತಾರೆ. ಅದರಿಂದ ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಪಾಲಿನಷ್ಟು ತೆಳುವಾದ ಪದರ ಸೀಳಿ, ಗಾಜಿನ ಮೇಲಿಟ್ಟು, ಬಣ್ಣ ಹಾಕಿ ನೋಡುತ್ತಾರೆ. ಇಷ್ಟಕ್ಕೇ ಕೆಲವು ದಿನಗಳು ಬೇಕು.

ಅದರಲ್ಲಿಯೂ ನಿರ್ಧಾರವಾಗದಿದ್ದರೆ ಐಎಚ್‌ಸಿ ಎಂಬ ಪರೀಕ್ಷೆ ಇದೆ. ಕೋಶದೊಳಗಿನ ನಿರ್ದಿಷ್ಟ ಪ್ರೋಟೀನುಗಳಿಗೆ ಮಾತ್ರ ಹಿಡಿಯುವ ಬಣ್ಣಗಳನ್ನು ಹಾಕಿ, ಯಾವುದು ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂಬುದರಿಂದ ಗಡ್ಡೆಯ ಬಗೆಯನ್ನು ಗುರುತಿಸುತ್ತಾರೆ. ಇನ್ನೂ ಸಂದೇಹ ಉಳಿದರೆ ಕೋಶದ ವಂಶವಾಹಿಗಳಲ್ಲಿನ ಬದಲಾವಣೆಯನ್ನು ಹುಡುಕುತ್ತಾರೆ. ಈ ಸೌಲಭ್ಯ ಎಲ್ಲ ಕಡೆ ಇಲ್ಲ. ಬ್ಲಾಕನ್ನು ದೊಡ್ಡ ಕೇಂದ್ರಕ್ಕೆ ಕಳುಹಿಸಬೇಕಾಗುತ್ತದೆ. ವರದಿ ತಡವಾಗಲು ಇದೂ ಒಂದು ಕಾರಣ.

ಹೆಸರಿನಲ್ಲೇನಿದೆ?

‘ಕ್ಯಾನ್ಸರ್ ಎಂದ ಮೇಲೆ ಯಾವ ಬಗೆಯಾದರೇನು?’ ಎಂದು ನೀವು ಕೇಳಬಹುದು. ಇಲ್ಲಿ ಹೆಸರೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ.

ಅತಿ ಹೆಚ್ಚು ಕಾಣುವ ಗಡ್ಡೆ ಪ್ಲಿಯೋಮಾರ್ಫಿಕ್ ಅಡಿನೋಮಾ. ಅದು ಕ್ಯಾನ್ಸರ್ ಅಲ್ಲ. ಆದರೂ ತೆಗೆಸಬೇಕು, ಏಕೆಂದರೆ ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಅದು ಕ್ಯಾನ್ಸರಾಗಿ ಬದಲಾಗುತ್ತದೆ. ತೆಗೆಯುವಾಗ ಅದರ ಹೊರಪೊರೆ ಒಡೆದರೆ, ಚೆಲ್ಲಿದ ಕೋಶಗಳಿಂದ ಹಲವು ವರ್ಷಗಳ ನಂತರ ಅಲ್ಲಲ್ಲಿ ಸಣ್ಣ ಸಣ್ಣ ಗಂಟುಗಳು ಎದ್ದು ಬರುತ್ತವೆ. ಆಗ ಮತ್ತೆ ಶಸ್ತ್ರಚಿಕಿತ್ಸೆ ಮಾಡುವುದು ಕಷ್ಟ, ಮುಖದ ನರಕ್ಕೂ ಅಪಾಯ. ಇದನ್ನು ಮೊದಲ ಸಲವೇ ಅನುಭವಿ ಶಸ್ತ್ರಚಿಕಿತ್ಸಕರಿಂದ ಮಾಡಿಸಬೇಕು ಎನ್ನುವುದು ಇದಕ್ಕಾಗಿಯೇ.

ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಾಣುವುದು ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ. ಮಕ್ಕಳಲ್ಲಿಯೂ ಲಾಲಾಗ್ರಂಥಿಯ ಕ್ಯಾನ್ಸರ್ ಎಂದರೆ ಹೆಚ್ಚಾಗಿ ಇದೇ. ಇದರ ಸೌಮ್ಯ ದರ್ಜೆಯದ್ದು ಪೂರ್ತಿಯಾಗಿ ತೆಗೆದರೆ ಬಹುತೇಕ ವಾಸಿಯಾಗುತ್ತದೆ. ತೀವ್ರ ದರ್ಜೆಯದ್ದಕ್ಕೆ ಕುತ್ತಿಗೆಯ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಯೂ ಬೇಕಾಗಬಹುದು. ಯಾವ ದರ್ಜೆ ಎಂದು ಹೇಳುವುದು ಪೆಥಾಲಜಿಸ್ಟ್.

ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ನಿಧಾನವಾಗಿ ಬೆಳೆಯುತ್ತದೆ, ಆದರೆ ನರಗಳ ಗುಂಟ ಹರಿದಾಡುತ್ತದೆ. ಶಸ್ತ್ರಚಿಕಿತ್ಸೆಯಾಗಿ 10-15 ವರ್ಷಗಳ ನಂತರ ಶ್ವಾಸಕೋಶದಲ್ಲಿ ಕಾಣಿಸಿಕೊಂಡ ಉದಾಹರಣೆಗಳಿವೆ. ಐದು ವರ್ಷ ಆರಾಮವಾಗಿದ್ದೇನೆ ಎಂದು ಇವರು ತಪಾಸಣೆ ನಿಲ್ಲಿಸಬಾರದು.

ಹೆಸರಿನ ಬೆಲೆ ತಿಳಿಯಲು ಇನ್ನೊಂದು ಉದಾಹರಣೆ ನೋಡಿ. 2010ರಲ್ಲಿ ಝೆಕ್ ದೇಶದ ಪೆಥಾಲಜಿಸ್ಟ್ ಅಲೆನಾ ಸ್ಕಾಲೋವಾ ಮತ್ತು ಸಂಗಡಿಗರು ಹಳೆಯ ಗಡ್ಡೆಗಳನ್ನು ಮರುಪರಿಶೀಲಿಸಿದರು. ಅಸಿನಿಕ್ ಸೆಲ್ ಕಾರ್ಸಿನೋಮಾ ಎಂದೆಲ್ಲ ಹೆಸರು ಪಡೆದಿದ್ದ ಕೆಲವು ಗಡ್ಡೆಗಳು ಬೇರೆಯೇ ಬಗೆಯವು, ಸ್ತನದಲ್ಲಿ ಕಾಣುವ ಒಂದು ಅಪರೂಪದ ಕ್ಯಾನ್ಸರನ್ನು ಹೋಲುತ್ತವೆ ಎಂದು ಅವರು ತೋರಿಸಿದರು. ಎರಡು ವಂಶವಾಹಿಗಳು ಮುರಿದು ಒಂದಕ್ಕೊಂದು ಬೆಸೆದುಕೊಳ್ಳುವುದು ಇದರ ಗುರುತು. ಈಗ ಇದನ್ನು ಸೆಕ್ರೆಟರಿ ಕಾರ್ಸಿನೋಮಾ ಎಂದು ಕರೆಯುತ್ತಾರೆ. ಇದಕ್ಕೂ ಮೊದಲ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಆದರೆ ರೋಗ ಹರಡಿದ್ದರೆ, ಆ ಬೆಸುಗೆಯನ್ನೇ ಗುರಿಯಾಗಿಸುವ ಲಾರೊಟ್ರೆಕ್ಟಿನಿಬ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೆಸರು ಸರಿಯಾಗಿ ಗುರುತಿಸಲ್ಪಡದ ರೋಗಿಗೆ ಇಂತಹ ಔಷಧದ ದಾರಿಯೇ ತೆರೆಯುವುದಿಲ್ಲ.

ಕುಟುಂಬದವರು ಮಾಡಬೇಕಾದದ್ದು

ಪೆಥಾಲಜಿಸ್ಟ್ ಎಷ್ಟೇ ನಿಪುಣರಾದರೂ, ಅವರ ಕೈಗೆ ಸರಿಯಾದ ಮಾದರಿ ತಲುಪದಿದ್ದರೆ ಏನೂ ಮಾಡಲಾಗದು. ಸಣ್ಣ ಊರುಗಳಲ್ಲಿ ತೆಗೆದ ತುಂಡನ್ನು ಬಾಟಲಿಯಲ್ಲಿ ಹಾಕಿ, ‘ಇದನ್ನು ಲ್ಯಾಬಿಗೆ ಕೊಟ್ಟು ಬನ್ನಿ’ ಎಂದು ಮನೆಯವರ ಕೈಗೇ ಕೊಡುವುದು ಸಾಮಾನ್ಯ. ಆಗ ಇವನ್ನು ಗಮನಿಸಿ:

• ಬಾಟಲಿಯಲ್ಲಿ ಫಾರ್ಮಾಲಿನ್ ಇದೆಯೇ ಎಂದು ಕೇಳಿ. ತುಂಡಿನ ಸುಮಾರು ಹತ್ತು ಪಟ್ಟು ದ್ರಾವಣ ಇರಬೇಕು. ನೀರಿನಲ್ಲಿ, ಸಲೈನ್‌ನಲ್ಲಿ ಹಾಕಿ ಇಟ್ಟರೆ ಅಥವಾ ಮನೆಯ ಫ್ರೀಝರ್‌ನಲ್ಲಿಟ್ಟರೆ ಮಾದರಿ ಕೆಡುತ್ತದೆ.
• ಬಾಟಲಿಯ ಮೇಲೆ ರೋಗಿಯ ಹೆಸರು, ವಯಸ್ಸು, ದೇಹದ ಯಾವ ಭಾಗ, ಬಲವೋ ಎಡವೋ ಎಂದು ಬರೆದಿರಬೇಕು. ಜೊತೆಗೆ ವೈದ್ಯರ ಚೀಟಿ ಇರಲಿ.
• ಹೋಲಿಸಿ ನೋಡೋಣವೆಂದು ತುಂಡನ್ನು ಎರಡು ಭಾಗ ಮಾಡಿ ಎರಡು ಲ್ಯಾಬಿಗೆ ಕೊಡಬೇಡಿ. ಅಂಚು ಯಾವುದೆಂಬುದೇ ಕಳೆದುಹೋಗುತ್ತದೆ.
• ಅದೇ ಜಾಗದಲ್ಲಿ ಹಿಂದೆ ಶಸ್ತ್ರಚಿಕಿತ್ಸೆ ಆಗಿದ್ದರೆ, ಬೇರೆ ಯಾವುದಾದರೂ ಕ್ಯಾನ್ಸರ್ ಬಂದಿದ್ದರೆ ಮುಚ್ಚಿಡದೆ ತಿಳಿಸಿ. ಸ್ಕ್ಯಾನ್ ವರದಿಯನ್ನೂ ಕೊಡಿ.
• ಎರಡನೇ ಅಭಿಪ್ರಾಯ ಬೇಕಿದ್ದರೆ ಮತ್ತೆ ಕೊಯ್ಯಬೇಕಾಗಿಲ್ಲ. ಗಾಜಿನ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆದು, ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಂತಹ ಕ್ಯಾನ್ಸರ್ ಕೇಂದ್ರಗಳಲ್ಲಿ ತೋರಿಸಬಹುದು. ಮೊದಲ ಪೆಥಾಲಜಿಸ್ಟ್ ಇದರಿಂದ ನೊಂದುಕೊಳ್ಳುವುದಿಲ್ಲ. ಕಷ್ಟದ ಪ್ರಕರಣಗಳಲ್ಲಿ ಅವರೇ ಇದನ್ನು ಸೂಚಿಸುತ್ತಾರೆ.
• ಬ್ಲಾಕ್‌ಗಳು ವರ್ಷಗಟ್ಟಲೆ ಕೆಡುವುದಿಲ್ಲ. ಬಿಸಿಲು, ಬಿಸಿ ತಾಗದಂತೆ ವರದಿಗಳ ಜೊತೆ ಜೋಪಾನವಾಗಿಡಿ. ಮುಂದೆ ಹೊಸ ಪರೀಕ್ಷೆಗಳಿಗೆ ಬೇಕಾಗಬಹುದು.

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರಲ್ಲಿ ಕೇಳಿ: ಗಡ್ಡೆ ಯಾವ ಗ್ರಂಥಿಯಲ್ಲಿದೆ? ಸೂಜಿ ಪರೀಕ್ಷೆ ಏನು ಹೇಳುತ್ತದೆ? ಮುಖದ ನರವನ್ನು ಹೇಗೆ ಕಾಪಾಡುತ್ತೀರಿ? ನಂತರ ಕೇಳಿ: ಗಡ್ಡೆಯ ಪೂರ್ತಿ ಹೆಸರೇನು, ದರ್ಜೆಯೇನು? ಅಂಚು ಸ್ವಚ್ಛವಾಗಿದೆಯೇ? ನರಕ್ಕೆ ತಾಗಿದೆಯೇ? ಎಷ್ಟು ವರ್ಷ ತಪಾಸಣೆಗೆ ಬರಬೇಕು?

ಖರ್ಚಿನ ಭಯದಿಂದ ಮುಂದೂಡುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ. ತನಕದ ಚಿಕಿತ್ಸೆಗೆ ಇದರಲ್ಲಿ ಅವಕಾಶವಿದೆ.

‘ಮದುವೆ ಮುಗಿಯಲಿ, ಆಮೇಲೆ ನೋಡೋಣ’

ಹೆಣ್ಣುಮಕ್ಕಳ ಕುತ್ತಿಗೆಯಲ್ಲಿ ಗಂಟು ಕಂಡರೆ ಹೆತ್ತವರ ಮೊದಲ ಚಿಂತೆ ಸಂಬಂಧದ್ದು. ಮುಖದ ಮೇಲೆ ಕಲೆ ಉಳಿದರೆ? ಗಂಡಿನ ಕಡೆಯವರಿಗೆ ತಿಳಿದರೆ? ಹೀಗೆ ಒಂದು, ಎರಡು ವರ್ಷ ಸರಿದುಹೋಗುತ್ತದೆ. ಪರೋಟಿಡ್ ಶಸ್ತ್ರಚಿಕಿತ್ಸೆಯ ಗೆರೆ ಸಾಮಾನ್ಯವಾಗಿ ಕಿವಿಯ ಮುಂದಿನ ಮಡಿಕೆಯಲ್ಲಿ ಇಳಿದು ಕೆಳಗೆ ಹೋಗುತ್ತದೆ. ಕಾಲ ಕಳೆದಂತೆ ಅದು ಮಸುಕಾಗುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯ ನಂತರ ಮುಖದಲ್ಲಿ ತುಸು ಶಕ್ತಿಹೀನತೆ ಕಾಣಿಸಿದರೂ, ನರ ಉಳಿದಿದ್ದರೆ ಅದು ಹೆಚ್ಚಾಗಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಆದರೆ ಮುಂದೂಡಿದ್ದರಿಂದ ಗಡ್ಡೆ ನರಕ್ಕೇ ನುಗ್ಗಿದರೆ, ನರವನ್ನೇ ತೆಗೆಯಬೇಕಾದ ಪರಿಸ್ಥಿತಿ ಬರುತ್ತದೆ. ಯಾವ ಮುಖವನ್ನು ಕಾಪಾಡಲು ಮುಂದೂಡಿದೆವೋ ಅದೇ ಮುಖಕ್ಕೆ ಪೆಟ್ಟು ಬೀಳುತ್ತದೆ. ಮಹಿಳಾ ವೈದ್ಯರೇ ಬೇಕೆಂದಿದ್ದರೆ ಕೇಳಿ, ಅನೇಕ ಆಸ್ಪತ್ರೆಗಳಲ್ಲಿ ಇದ್ದಾರೆ. ಅದರ ನೆಪದಲ್ಲಿ ಪರೀಕ್ಷೆಯೇ ನಿಲ್ಲದಿರಲಿ.

ಕಾಯಿಲೆ ಬಂದಾಗ ದುಆ ಮಾಡುವುದರ ಜೊತೆಗೆ ಮದ್ದು ಮಾಡುವುದೂ ನಮ್ಮ ಹೊಣೆ. ವರದಿಯಲ್ಲಿ ‘ಖಚಿತವಿಲ್ಲ’ ಎಂದಿದ್ದರೆ ಭಯಪಡಬೇಡಿ, ಆ ಕಾಗದವನ್ನು ಮಡಚಿ ಕಪಾಟಿನಲ್ಲಿಡಲೂ ಬೇಡಿ. ಅದನ್ನು ಹಿಡಿದು ಅದೇ ವಾರ ವೈದ್ಯರ ಬಳಿಗೆ ಹೋಗಿ, ‘ಇದನ್ನು ಖಚಿತಪಡಿಸಿಕೊಳ್ಳಲು ಮುಂದೆ ಏನು ಮಾಡಬೇಕು?’ ಎಂದು ಕೇಳಿ.